ತಂಡ ಕಟ್ಟುವ ಕಾಲದಲ್ಲಿ ಆಟಗಾರನ ಬೆಳೆವಣಿಗೆ

ಪ್ರೌಢಶಾಲೆಯ ಆಟದ ತಂಡಕ್ಕೂ ಪಟ್ಟಣದ ದೊಡ್ಡ ಕ್ಲಬ್ಬಿನ ತಂಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಕ್ಲಬ್ಬಿನ ಆಟಗಾರರು ಹಲವು ವರ್ಷ ಒಟ್ಟಿಗೆ ಆಡುತ್ತಾರೆ. ಹಳಬರು ಬಿಟ್ಟುಹೋದಾಗ ಮಾತ್ರ ತಂಡವನ್ನು ಹೊಸದಾಗಿ ಕಟ್ಟುವ ಪ್ರಮೇಯ ಬರುತ್ತದೆ. ಶಾಲೆಯ ತಂಡವಾದರೋ ಪ್ರತಿವರ್ಷ ಮುರಿದು ಪ್ರತಿವರ್ಷ ಕಟ್ಟಬೇಕಾದದ್ದು. ಎಂಟು, ಒಂಬತ್ತು, ಹತ್ತು ಎಂಬ ಮೂರೇ ತರಗತಿಗಳು. ಹತ್ತನೆಯವರು ಪರೀಕ್ಷೆ ಬರೆದು ಹೊರಟರೆಂದರೆ ತಂಡದ ಬಲವೆಲ್ಲ ಅವರೊಡನೆ ಹೊರಟಂತೆ. ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ ವ್ಯಾಯಾಮ ಶಿಕ್ಷಕರ ಮುಂದೆ ನಿಲ್ಲುವುದು ಅರ್ಧ ಕಲಿತ ಹಳಬರೂ ಏನೂ ಕಲಿಯದ ಹೊಸಬರೂ ಕೂಡಿದ ಒಂದು ಗುಂಪು. ಹೋಬಳಿ ಮಟ್ಟದ ಪಂದ್ಯಗಳಿಗೆ ಉಳಿದಿರುವುದು ಕೆಲವೇ ವಾರಗಳು. ಆ ವಾರಗಳಲ್ಲಿ ಶಿಕ್ಷಕರು ಕೈಗೊಳ್ಳುವ ತೀರ್ಮಾನಗಳು ಹದಿಮೂರು ವರ್ಷದ ಹುಡುಗನೊಬ್ಬನ, ಹುಡುಗಿಯೊಬ್ಬಳ ಆಟದ ಭವಿಷ್ಯವನ್ನು ಎಷ್ಟು ಮಟ್ಟಿಗೆ ನಿರ್ಧರಿಸುತ್ತವೆ? ಇದೇ ಈ ಲೇಖನದ ವಿಷಯ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ನಾವು ಇಲ್ಲಿ ಕಣ್ಣಮುಂದೆ ಇಟ್ಟುಕೊಂಡಿದ್ದೇವೆ. ಇಲ್ಲಿಯ ಶಾಲೆಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್‌ಗಳೇ ಮುಖ್ಯವಾದ ಆಟಗಳು. ಬ್ಯಾಸ್ಕೆಟ್‌ಬಾಲಿನ ಕಂಬ ಕಾಣುವುದು ಕೆಲವೇ ಕಡೆ. 1961ರಿಂದ ಟಿಬೆಟನ್ ನಿರಾಶ್ರಿತರು ನೆಲೆಸಿರುವ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಕಡೆ ಹೋದರೆ ಆ ಆಟದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಆಟ ಯಾವುದಾದರೇನು, ಪ್ರಶ್ನೆ ಒಂದೇ. ಆದರೆ ತರಬೇತಿಯ ವಿಷಯದಲ್ಲಿ ವಿಜ್ಞಾನಿಗಳು ನಡೆಸಿದ ಹೆಸರಾಂತ ಪರಿಶೀಲನೆಗಳಲ್ಲಿ ಒಂದು ಬ್ಯಾಸ್ಕೆಟ್‌ಬಾಲಿಗೆ ಸಂಬಂಧಿಸಿದೆ. ಗಣಿತದಿಂದ ವಿವರಿಸುವುದಕ್ಕೂ ಆ ಆಟ ಬಹಳ ಅನುಕೂಲವಾಗಿದೆ. ಆದಕಾರಣ ಅಲ್ಲಿಂದಲೇ ಪ್ರಾರಂಭಿಸೋಣ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರತಿವರ್ಷ ಹೊಸದಾಗಿ ಕಟ್ಟಬೇಕಾದ ತಂಡದಲ್ಲಿ ತರಬೇತುದಾರನ ನಿಜವಾದ ಫಲ ಆ ವರ್ಷದ ಬಹುಮಾನದ ಬಟ್ಟಲಲ್ಲ. ಎಂಟನೆಯ ತರಗತಿಯಲ್ಲಿ ಅಂಗಳಕ್ಕೆ ಇಳಿದ ಮಗು ಮೂರು ವರ್ಷಗಳ ಅನಂತರವೂ ಆಡುತ್ತಿದೆಯೆ, ಮೊದಲಿಗಿಂತ ಚೆನ್ನಾಗಿ ಆಡುತ್ತಿದೆಯೆ ಎಂಬುದು. ಈ ಮಾತು ಕೇವಲ ಔದಾರ್ಯದಿಂದ ಹೇಳಿದ್ದಲ್ಲ. ಇದಕ್ಕೆ ಪ್ರಯೋಗಗಳ ಆಧಾರವುಂಟು.

ಆಟವನ್ನು ಕಲಿಸುವುದೇನಿದೆ?

ಆಟ ಹುಟ್ಟುಗುಣ, ಅದನ್ನು ಕಲಿಸುವುದೇನಿದೆ ಎನ್ನುವವರು ಹಿಂದಿನಿಂದಲೂ ಇದ್ದಾರೆ. ವಿನೋದವೆಂದರೆ ಬ್ಯಾಸ್ಕೆಟ್‌ಬಾಲನ್ನು ಸೃಷ್ಟಿಸಿದ ಜೇಮ್ಸ್ ನೇಸ್ಮಿತ್ ಅವರೂ ಸ್ವಲ್ಪಮಟ್ಟಿಗೆ ಈ ಪಂಗಡಕ್ಕೆ ಸೇರಿದವರೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಅವರು 1891ರ ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲೆಂದು, ಹಣ್ಣಿನ ಬುಟ್ಟಿಗಳೆರಡನ್ನು ಗೋಡೆಗೆ ಕಟ್ಟಿಸಿ 13 ನಿಯಮಗಳನ್ನು ಬರೆದರು. ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡವನ್ನು ನೋಡಿಕೊಂಡಾಗ ಅವರ ತಂಡ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಈ ಆಟವನ್ನು ಆಡಬೇಕು, ಅದಕ್ಕೆ ತರಬೇತಿ ಕೊಡುವುದೇನಿದೆ ಎಂಬ ಅರ್ಥದ ಮಾತನ್ನು ಅವರು ತಮ್ಮ ಶಿಷ್ಯ ಫಾಗ್ ಅಲನ್‌ಗೆ ಹೇಳಿದರೆಂದು ಪ್ರತೀತಿ. ಆ ಶಿಷ್ಯ ಗುರುವಿನ ಮಾತನ್ನು ಒಪ್ಪಲಿಲ್ಲ. ತರಬೇತಿಯನ್ನೇ ಜೀವನದ ವೃತ್ತಿಯನ್ನಾಗಿ ಮಾಡಿಕೊಂಡು, ಅದೇ ವಿಶ್ವವಿದ್ಯಾನಿಲಯದ ತಂಡವನ್ನು ಅಮೆರಿಕದ ಪ್ರಸಿದ್ಧ ತಂಡಗಳ ಸಾಲಿಗೆ ತಂದರು.

ಹಾಗಾದರೆ ಒಳ್ಳೆಯ ತರಬೇತುದಾರನು ಅಂಗಳದಲ್ಲಿ ನಿಂತು ಮಾಡುವುದಾದರೂ ಏನು? ಹುರಿದುಂಬಿಸುತ್ತಾನೆ, ತಪ್ಪಿದರೆ ಗದರಿಸುತ್ತಾನೆ ಎಂದು ನಾವೆಲ್ಲ ಊಹಿಸುತ್ತೇವೆ. ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಮನಶ್ಶಾಸ್ತ್ರಜ್ಞರು ಊಹಿಸುತ್ತ ಕುಳಿತುಕೊಳ್ಳದೆ ಎಣಿಸಿ ನೋಡಿದರು. 1974–75ರ ಋತುವಿನಲ್ಲಿ ಅವರು ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತರಬೇತುದಾರ ಜಾನ್ ವುಡನ್ ಅವರ ಅಭ್ಯಾಸಗಳಿಗೆ ಹೋಗಿ, ಅವರ ಒಂದೊಂದು ಮಾತನ್ನೂ ಸನ್ನೆಯನ್ನೂ ಗುರುತು ಹಾಕಿಕೊಂಡರು. ಹೀಗೆ ದೊರೆತ ಬೋಧನೆಯ ತುಣುಕುಗಳು 2,326. ಇವುಗಳಲ್ಲಿ ನೂರಕ್ಕೆ ಸುಮಾರು 75 ಭಾಗ ಬರಿಯ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎಂಬುದು. ಹೊಗಳಿಕೆ ನೂರಕ್ಕೆ 7ಕ್ಕಿಂತ ಕಡಿಮೆ, ಅಸಮಾಧಾನದ ಮಾತೂ ಅಷ್ಟೇ. ಆಟಗಾರ ತಪ್ಪಿದಾಗ ವುಡನ್ ಸರಿಯಾದುದನ್ನು ಮಾಡಿ ತೋರಿಸಿ, ಅವನು ಮಾಡಿದ ತಪ್ಪನ್ನು ಅನುಕರಿಸಿ, ಮತ್ತೆ ಸರಿಯಾದುದನ್ನು ತೋರಿಸುತ್ತಿದ್ದರು. ಇದೆಲ್ಲ ಐದು ಸೆಕೆಂಡುಗಳೊಳಗೆ ಮುಗಿಯುತ್ತಿತ್ತು. ಉಪನ್ಯಾಸವಿಲ್ಲ, ಆರ್ಭಟವಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವುಡನ್ ಆ ವಿಶ್ವವಿದ್ಯಾನಿಲಯಕ್ಕೆ ಬಂದುದು 1948ರಲ್ಲಿ. ಅವರ ತಂಡ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದುದು 1964ರಲ್ಲಿ. ನಡುವೆ ಕಳೆದುದು 16 ವರ್ಷಗಳು. ಅಲ್ಲಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ಆ ಪ್ರಶಸ್ತಿ ಅವರದಾಯಿತು. ಮೂರನೆಯ ವರ್ಷವೇ ಬಟ್ಟಲೆಲ್ಲಿ ಎಂದು ಕೇಳಿ ಅವರನ್ನು ಮನೆಗೆ ಕಳುಹಿಸಿದ್ದರೆ ಆ ಫಲವನ್ನು ಯಾರೂ ಕಾಣುತ್ತಿರಲಿಲ್ಲ.

ಚೆಂಡು, ಬಳೆ ಮತ್ತು ಕೋನ

ಮಾಹಿತಿ ಎಂದೆವಷ್ಟೆ. ಎಂತಹ ಮಾಹಿತಿ ಎಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ನೋಡೋಣ. ಹತ್ತನೆಯ ತರಗತಿಯ ತ್ರಿಕೋಣಮಿತಿ ಬಲ್ಲವರು ಇದನ್ನು ತಾವೇ ಪರೀಕ್ಷಿಸಬಹುದು.

ಬ್ಯಾಸ್ಕೆಟ್‌ಬಾಲಿನ ಕಬ್ಬಿಣದ ಬಳೆಯ ವ್ಯಾಸ 45 ಸೆಂಟಿಮೀಟರು. ಪುರುಷರ ಪಂದ್ಯದ 7ನೆಯ ಅಳತೆಯ ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರು. ಚೆಂಡು ನೆಟ್ಟಗೆ ಮೇಲಿನಿಂದ ಇಳಿದರೆ ಬಳೆಯ ಬಾಯಿ ಪೂರ್ತಿ ತೆರೆದಿರುತ್ತದೆ. ಓರೆಯಾಗಿ ಬಂದರೆ ಚೆಂಡಿನ ಪಾಲಿಗೆ ಆ ಬಾಯಿ ಕಿರಿದಾಗುತ್ತದೆ. ಚೆಂಡಿನ ಹಾದಿ ನೆಲಮಟ್ಟದೊಡನೆ ಮಾಡುವ ಕೋನದ ಸೈನ್ ಬೆಲೆಯಿಂದ 45ನ್ನು ಗುಣಿಸಿದರೆ ಕಿರಿದಾದ ಬಾಯಿಯ ಅಗಲ ದೊರೆಯುತ್ತದೆ. ಕೋನ 45 ಡಿಗ್ರಿಯಾದರೆ ಅಗಲ ಸುಮಾರು 32 ಸೆಂಟಿಮೀಟರು. ಕೋನ 30 ಡಿಗ್ರಿಯಾದರೆ 22.5 ಸೆಂಟಿಮೀಟರು ಮಾತ್ರ. ಅದು ಚೆಂಡಿಗಿಂತಲೂ ಕಡಿಮೆ. ಸುಮಾರು 32 ಡಿಗ್ರಿಗಿಂತ ಚಪ್ಪಟೆಯಾಗಿ ಬಂದ ಚೆಂಡು ಬಳೆಯನ್ನು ತಾಗದೆ ಒಳಗೆ ಇಳಿಯುವುದು ಸಾಧ್ಯವೇ ಇಲ್ಲ. ಎತ್ತರಕ್ಕೆ ಎಸೆ ಎಂದು ತರಬೇತುದಾರ ಹೇಳುವುದರ ಹಿಂದಿರುವ ಕಾರಣ ಇದು.

ಆದರೆ ಎಂಟನೆಯ ತರಗತಿಯ ಹುಡುಗನಿಗೆ ಹಾಗೆಂದು ಹೇಳಿದ ಮಾತ್ರಕ್ಕೆ ಅದು ಆಗುತ್ತದೆಯೆ? ಫ್ರೀ ಥ್ರೋ ಗೆರೆಯಿಂದ ಬಳೆಯ ನಡುಭಾಗಕ್ಕೆ ನೆಲದ ಮೇಲೆ ಸುಮಾರು 4.2 ಮೀಟರು, ಬಳೆಯ ಎತ್ತರ 3.05 ಮೀಟರು. ಬೆಳೆದ ಹುಡುಗನೊಬ್ಬನು 2 ಮೀಟರು ಎತ್ತರದಲ್ಲಿಯೂ ಚಿಕ್ಕವನೊಬ್ಬನು 1.5 ಮೀಟರು ಎತ್ತರದಲ್ಲಿಯೂ ಚೆಂಡನ್ನು ಕೈಬಿಡುವರೆಂದು ಇಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಚೆಂಡನ್ನು ಬಳೆಗೆ ತಲುಪಿಸಲು ಬೇಕಾದ ಕನಿಷ್ಠ ವೇಗ ಮೊದಲನೆಯವನಿಗೆ ಸೆಕೆಂಡಿಗೆ ಸುಮಾರು 7.3 ಮೀಟರು, ಎರಡನೆಯವನಿಗೆ 7.7 ಮೀಟರು. ಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಚಿಕ್ಕವನು, ಬೆಳೆಯದ ತೋಳಿನಿಂದ, ನೂರಕ್ಕೆ 12ರಷ್ಟು ಹೆಚ್ಚು ಶಕ್ತಿಯನ್ನು ಒದಗಿಸಬೇಕು. ಅಷ್ಟು ಮಾಡಿದರೂ ಆ ಕನಿಷ್ಠ ವೇಗದ ಚೆಂಡು ಬಳೆಗೆ ಬಂದು ಸೇರುವ ಕೋನ ಸುಮಾರು 35 ಡಿಗ್ರಿ. ತೆರೆದಿರುವ ಬಾಯಿ 26 ಸೆಂಟಿಮೀಟರಿಗಿಂತ ಕಡಿಮೆ. 24 ಸೆಂಟಿಮೀಟರಿನ ಚೆಂಡಿಗೆ ಉಳಿಯುವ ಅವಕಾಶ ಎರಡು ಸೆಂಟಿಮೀಟರೂ ಇಲ್ಲ. ಇದಕ್ಕಿಂತ ಕಡಿದಾಗಿ ಇಳಿಸಬೇಕಾದರೆ ಇನ್ನೂ ಬಲವಾಗಿ ಎಸೆಯಬೇಕು. ಅವನು ಸೊಂಟದ ಬಳಿಯಿಂದ ಎರಡು ಕೈಗಳಲ್ಲಿ ಚೆಂಡನ್ನು ದಬ್ಬುತ್ತಾನೆ. ನಾವು ಅವನಿಗೆ ಆಟ ಬರುವುದಿಲ್ಲ ಎನ್ನುತ್ತೇವೆ.

ಹನ್ನೆರಡು ವರ್ಷದೊಳಗಿನವರಿಗಾಗಿ ಇರುವ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ಬಳೆಯ ಎತ್ತರ 2.60 ಮೀಟರು, ಚೆಂಡು 5ನೆಯ ಅಳತೆಯದು. ಅದೇ ಚಿಕ್ಕ ಹುಡುಗನಿಗೆ ಈ ಎತ್ತರದಲ್ಲಿ ಲೆಕ್ಕ ಹಾಕಿ ನೋಡಿದರೆ, ಬೇಕಾಗುವ ಕನಿಷ್ಠ ವೇಗ ಎತ್ತರದ ಹುಡುಗನ ವೇಗಕ್ಕೆ ಹೆಚ್ಚುಕಡಮೆ ಸಮವಾಗಿಬಿಡುತ್ತದೆ! ಚೆಂಡಿನ ತೂಕವೂ ಸುಮಾರು ಐದರಲ್ಲೊಂದು ಭಾಗ ಕಡಿಮೆ. ಎಂದರೆ ಅವನು ಈಗಿನಿಂದಲೇ ಸರಿಯಾದ ಭಂಗಿಯಲ್ಲಿ ಎಸೆಯಲು ಕಲಿಯಬಹುದು. ಎತ್ತರ ಬಂದಾಗ ಆ ಭಂಗಿ ಅವನ ಜೊತೆಯಲ್ಲಿಯೇ ಇರುತ್ತದೆ. ಕಂಬದ ಕೆಳಭಾಗದಲ್ಲಿ ಇನ್ನೊಂದು ಬಳೆಯನ್ನು ಬಿಗಿಯಲು ಊರಿನ ಕಮ್ಮಾರನ ಅರ್ಧ ದಿನದ ಕೆಲಸ ಸಾಕು. ವಾಲಿಬಾಲಿನ ಬಲೆಯನ್ನು ಇಳಿಸುವುದಕ್ಕಂತೂ ಖರ್ಚೇ ಇಲ್ಲ. ಮಗುವನ್ನು ಆಟಕ್ಕೆ ಹೊಂದಿಸುವ ಮೊದಲು ಆಟವನ್ನು ಮಗುವಿಗೆ ಹೊಂದಿಸುವುದು ತರಬೇತಿಯ ಮೊದಲ ಪಾಠ.

ಎತ್ತರವೇ ಸಾಮರ್ಥ್ಯವಲ್ಲ

ತಂಡವನ್ನು ಹೊಸದಾಗಿ ಕಟ್ಟುವಾಗ ಶಿಕ್ಷಕರ ಕಣ್ಣು ಸಹಜವಾಗಿ ಎತ್ತರದ ಮಕ್ಕಳ ಮೇಲೆ ಬೀಳುತ್ತದೆ. ಇಲ್ಲಿ ಪ್ರಕೃತಿ ಒಂದು ಮೋಸವನ್ನು ಒಡ್ಡಿರುತ್ತದೆ. ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 12ನೆಯ ವಯಸ್ಸಿನ ಸುಮಾರಿಗೆ, ಹುಡುಗರು 14ರ ಸುಮಾರಿಗೆ. ಇದು ಸರಾಸರಿ ಮಾತ್ರ. ಕೆಲವರಲ್ಲಿ ಒಂದೆರಡು ವರ್ಷ ಮೊದಲೇ, ಕೆಲವರಲ್ಲಿ ಒಂದೆರಡು ವರ್ಷ ತಡವಾಗಿ ಈ ಬೆಳೆವಣಿಗೆ ಬರುತ್ತದೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗರಲ್ಲಿ ಒಬ್ಬನ ಮೈ ಹದಿನಾರರದು, ಇನ್ನೊಬ್ಬನದು ಹನ್ನೆರಡರದು ಎಂಬಂತೆ ಇರುವುದುಂಟು. ಮೊದಲನೆಯವನು ಗೆಲ್ಲಿಸಿಕೊಡುವುದು ಕೌಶಲದಿಂದಲ್ಲ, ಮುಂಚೆ ಬಂದ ಮೂಳೆ ಸ್ನಾಯುಗಳಿಂದ.

ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಅಲ್ಲಿಯ ಉತ್ತಮ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರಿಗಿಂತ ಬಹಳ ಹೆಚ್ಚಾಗಿದ್ದರು. ಜನವರಿಯಲ್ಲಿ ಹುಟ್ಟಿದವರಿಗೆ ಗ್ರಹಬಲವೇನೂ ಇರಲಿಲ್ಲ. ವಯೋಮಿತಿಯ ಲೆಕ್ಕ ಜನವರಿ 1ರಿಂದ ಪ್ರಾರಂಭವಾಗುತ್ತಿದ್ದುದರಿಂದ ಅವರು ತಮ್ಮ ಗುಂಪಿನಲ್ಲಿ ಹಲವು ತಿಂಗಳು ದೊಡ್ಡವರಾಗಿದ್ದರು, ಅಷ್ಟೆ. ದೊಡ್ಡವರೆಂದು ಆಯ್ಕೆಯಾದರು, ಆಯ್ಕೆಯಾದುದರಿಂದ ಹೆಚ್ಚು ತರಬೇತಿ ಪಡೆದರು, ತರಬೇತಿಯಿಂದ ನಿಜವಾಗಿಯೂ ಉತ್ತಮರಾದರು. ಚಿಕ್ಕವರು ಆಯ್ಕೆಯಾಗದೆ, ಕಲಿಯದೆ, ಹಿಂದುಳಿದರು. ಆಯ್ಕೆ ಮಾಡಿದವರು ತಮ್ಮ ಕಣ್ಣು ಎಷ್ಟು ಚುರುಕು ಎಂದು ಸಂತೋಷಪಟ್ಟಿರಬೇಕು!

ನಮ್ಮಲ್ಲಿ ವಯೋಮಿತಿಗೆ ಯಾವ ದಿನಾಂಕವನ್ನು ಇಟ್ಟರೂ ಇದೇ ಅಪಾಯವಿದೆ. ಅಂಗಳದಲ್ಲಿ ಸಿಗುವ ಅವಕಾಶವನ್ನೇ ಲೆಕ್ಕ ಹಾಕಿ ನೋಡಿ. ಬ್ಯಾಸ್ಕೆಟ್‌ಬಾಲಿನ ಪಂದ್ಯ 40 ನಿಮಿಷ, ಒಂದು ತಂಡದಿಂದ ಅಂಗಳದಲ್ಲಿರುವವರು ಐವರು. ಒಟ್ಟು ಹಂಚಬೇಕಾದ ಕಾಲ 200 ನಿಮಿಷ. ಹನ್ನೆರಡು ಮಂದಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು 17 ನಿಮಿಷ. ಆರು ಮಂದಿಯನ್ನೇ ಆಡಿಸಿದರೆ ಉಳಿದ ಆರು ಮಂದಿಗೆ ಸೊನ್ನೆ. ಆ ಸೊನ್ನೆಯ ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತವರೇ ಮುಂದಿನ ವರ್ಷದ ತಂಡ! ಹತ್ತನೆಯ ತರಗತಿಯವರು ಬಿಟ್ಟುಹೋದ ಮೇಲೆ ತಂಡ ದುರ್ಬಲವಾಯಿತೆಂದು ಪೇಚಾಡುವ ಶಾಲೆ, ಹಿಂದಿನ ವರ್ಷ ಎಂಟನೆಯ ತರಗತಿಯವರಿಗೆ ಎಷ್ಟು ನಿಮಿಷ ಕೊಟ್ಟಿತ್ತೆಂಬುದನ್ನು ಕೇಳಿಕೊಳ್ಳಬೇಕು.

ಅಭ್ಯಾಸದ ಕ್ರಮ

ಅವಕಾಶ ಕೊಟ್ಟ ಮೇಲೆ ಅಭ್ಯಾಸ ಹೇಗಿರಬೇಕು? ಒಂದನ್ನೇ ನೂರು ಸಲ ಮಾಡಿಸಿ, ಅದು ಕೈವಶವಾದ ಮೇಲೆ ಮುಂದಿನದಕ್ಕೆ ಹೋಗಬೇಕೆಂಬುದು ಸಾಮಾನ್ಯವಾದ ನಂಬಿಕೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬವರು ಎಂಟು ವರ್ಷದ ಮಕ್ಕಳಿಂದ ಕಾಳು ತುಂಬಿದ ಚೀಲಗಳನ್ನು ಗುರಿಗೆ ಎಸೆಯಿಸಿ ಇದನ್ನು ಪರೀಕ್ಷಿಸಿದರು. ಒಂದು ಗುಂಪು 3 ಅಡಿ ದೂರದಿಂದಲೇ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಗಳಿಂದ ಮಾಡಿತು. 3 ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಎಲ್ಲರನ್ನೂ 3 ಅಡಿಯಲ್ಲಿ ಪರೀಕ್ಷಿಸಿದಾಗ ಚೆನ್ನಾಗಿ ಎಸೆದವರು ಎರಡನೆಯ ಗುಂಪಿನವರು! ದೂರ ಬದಲಾದಂತೆಲ್ಲ ತೋಳಿನ ಬಲವನ್ನು ಹೊಸದಾಗಿ ಅಳೆದುಕೊಳ್ಳಬೇಕಾದ ಮಕ್ಕಳು ಎಸೆತದ ಒಳತತ್ತ್ವವನ್ನೇ ಕಲಿತಿದ್ದರೆಂದು ಇದರ ಅರ್ಥ. ನಮ್ಮ ತರುಣ ವಾಚಕರು ರಾಗಿ ತುಂಬಿದ ಸಣ್ಣ ಬಟ್ಟೆ ಚೀಲಗಳಿಂದ ತಮ್ಮ ಕಿರಿಯರಲ್ಲಿ ಈ ಪ್ರಯೋಗವನ್ನು ಮಾಡಿ ನೋಡಬಹುದು.

ಮರುವರ್ಷ ಷೇ ಮತ್ತು ಮಾರ್ಗನ್ ನಡೆಸಿದ ಪ್ರಯೋಗದಲ್ಲಿ ಇನ್ನೊಂದು ಅಂಶ ತಿಳಿದುಬಂದಿತು. ಮೂರು ಬಗೆಯ ಚಲನೆಗಳನ್ನು ಒಂದಾದ ಮೇಲೊಂದರಂತೆ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಮೂರನ್ನೂ ಬೆರೆಸಿ ಕಲಿತವರು ಆಗ ತಡವರಿಸುತ್ತಿದ್ದರು. ಆದರೆ ಕೆಲವು ದಿನ ಕಳೆದು ಪರೀಕ್ಷಿಸಿದಾಗ ಬೆರೆಸಿ ಕಲಿತವರಿಗೇ ಹೆಚ್ಚು ನೆನಪಿತ್ತು. ಪ್ರತಿಯೊಂದು ಯತ್ನಕ್ಕೂ ಬೆನ್ನಹಿಂದೆಯೇ ತಪ್ಪೊಪ್ಪು ಹೇಳುತ್ತಿದ್ದರೆ ಕಲಿಯುವವನು ಆ ಮಾತಿಗೇ ಒಗ್ಗಿಹೋಗಿ, ಮಾತು ನಿಂತಾಗ ತಪ್ಪುತ್ತಾನೆಂಬುದನ್ನೂ ಅನಂತರದ ಪ್ರಯೋಗಗಳು ತೋರಿಸಿವೆ.

ಇದರಿಂದ ನಾವು ತಿಳಿಯಬೇಕಾದುದೇನು? ಜಗುಲಿಯ ಮೇಲೆ ನಿಂತು ನೋಡುವ ಮುಖ್ಯೋಪಾಧ್ಯಾಯರಿಗೆ ಅಚ್ಚುಕಟ್ಟಾಗಿ ಕಾಣುವ ಅಭ್ಯಾಸವೇ ಉತ್ತಮವಾದ ಅಭ್ಯಾಸವೆಂದು ಹೇಳಲಾಗದು. ಚೆಂಡನ್ನು ಪುಟಿಸುತ್ತ ಓಡುವುದು, ಕೈದಾಟಿಸುವುದು, ಎಸೆಯುವುದು ಇವೆಲ್ಲ ಬೆರೆತು, ತಪ್ಪುಗಳು ಹೆಚ್ಚಾಗಿ ಕಾಣುವ ಸಂಜೆಯಲ್ಲಿಯೇ ಕಲಿಕೆ ಆಳವಾಗಿ ನಡೆಯುತ್ತಿರಬಹುದು. ಹೊಸ ತಂಡವನ್ನು ಕಟ್ಟುವ ಶಿಕ್ಷಕರಿಗೆ ಈ ತಪ್ಪುಗಳನ್ನು ಸಹಿಸುವ ತಾಳ್ಮೆ ಬೇಕು. ಅದಕ್ಕಿಂತ ಹೆಚ್ಚಾಗಿ, ಆ ತಾಳ್ಮೆಗೆ ಶಾಲೆಯ ಬೆಂಬಲ ಬೇಕು.

ಬಿಟ್ಟುಹೋಗುವ ಮಕ್ಕಳು

ಎಷ್ಟು ಚೆನ್ನಾಗಿ ಕಲಿಸಿದರೂ ಮಗು ಮರುವರ್ಷ ಅಂಗಳಕ್ಕೆ ಬರದಿದ್ದರೆ ಏನು ಪ್ರಯೋಜನ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸ್ಮಿತ್ ಮತ್ತು ಸ್ಮೋಲ್ ಎಂಬ ವಿಜ್ಞಾನಿಗಳು ಮಕ್ಕಳ ಬೇಸ್‌ಬಾಲ್ ತಂಡಗಳ ತರಬೇತುದಾರರನ್ನು 1970ರ ದಶಕದಿಂದ ಅಭ್ಯಾಸ ಮಾಡಿದರು. ಪ್ರಯತ್ನವನ್ನು ಮೆಚ್ಚುವುದು, ತಪ್ಪಿದಾಗ ಧೈರ್ಯ ಹೇಳಿ ತಿದ್ದುವ ಬಗೆಯನ್ನು ತಿಳಿಸುವುದು, ಅವಮಾನ ಮಾಡದಿರುವುದು, ಇವಿಷ್ಟನ್ನು ಕೆಲವರಿಗೆ ಒಂದು ಸಣ್ಣ ಶಿಬಿರದಲ್ಲಿ ಕಲಿಸಿಕೊಟ್ಟರು. ಇನ್ನು ಕೆಲವರನ್ನು ಹಾಗೆಯೇ ಬಿಟ್ಟರು. 1992ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮರುವರ್ಷ ಆಟವನ್ನು ಬಿಟ್ಟ ಮಕ್ಕಳು, ಶಿಬಿರಕ್ಕೆ ಬಂದಿದ್ದವರ ತಂಡಗಳಲ್ಲಿ ನೂರಕ್ಕೆ 5, ಬಾರದಿದ್ದವರ ತಂಡಗಳಲ್ಲಿ ನೂರಕ್ಕೆ 26. ಸೋಲು ಗೆಲುವುಗಳ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಮಕ್ಕಳನ್ನು ಆಟದಲ್ಲಿ ಉಳಿಸಿದ್ದು ಗೆಲುವಲ್ಲ, ತರಬೇತುದಾರನ ನಡತೆ. ತನ್ನಲ್ಲಿ ತನಗೇ ನಂಬಿಕೆಯಿಲ್ಲದ ಮಗುವಿನ ಮೇಲೆ ಈ ನಡತೆಯ ಪರಿಣಾಮ ಎಲ್ಲರಿಗಿಂತ ಹೆಚ್ಚೆಂಬುದನ್ನೂ ಅವರ ಅಧ್ಯಯನಗಳು ತೋರಿಸಿದವು.

ಈ ಅಂಕಿಗಳು ಕೆಲವೇ ತಂಡಗಳಿಂದ ಬಂದವು, ಪರದೇಶದವು, ಒಂದು ಆಟದವು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ನೂರಕ್ಕೆ 5 ಮತ್ತು 26 ಎಂಬುದೇ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಗದರಿಕೆಗೆ ಹೆದರಿ ಅಂಗಳದ ಕಡೆ ತಲೆಹಾಕದ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಈ ವಿಚಾರಗಳನ್ನು ನಮ್ಮ ನೆಲಕ್ಕೆ ಇಳಿಸುವಾಗ ನೆಲದ ಸ್ವಭಾವವನ್ನೂ ನೋಡಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಹೊಗೆಸೊಪ್ಪಿನ ಸೀಮೆ. ಮೇ, ಜೂನ್ ತಿಂಗಳಲ್ಲಿ ನಾಟಿಯಾದ ಸಸಿಯಿಂದ ಸೊಪ್ಪು ಮುರಿಯುವ ಕೆಲಸ ಜುಲೈ ವೇಳೆಗೆ ಪ್ರಾರಂಭವಾಗುತ್ತದೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಹದಗೊಳಿಸುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಕಾಲುವೆಯ ನೀರಿನ ಕೃಷ್ಣರಾಜನಗರದಲ್ಲಿ ಅದೇ ಕಾಲಕ್ಕೆ ಭತ್ತದ ನಾಟಿ. ಹೋಬಳಿ, ತಾಲ್ಲೂಕು ಮಟ್ಟದ ಪಂದ್ಯಗಳೂ ಆಗಸ್ಟಿನ ಆಸುಪಾಸಿನಲ್ಲಿಯೇ. ಮನೆಯಲ್ಲಿ ಕೈ ಸಾಲದಿರುವಾಗ ಮಗ ಸಂಜೆ ಆಟಕ್ಕೆ ನಿಂತರೆ ತಂದೆಗೆ ಸಿಟ್ಟು ಬರುವುದು ಸಹಜವೇ. ಹುಡುಗಿಯಾದರೆ ಕೇಳುವುದೇ ಬೇಡ.

ಇಲ್ಲಿಯ ತರಬೇತುದಾರನು ತಿಳಿದಿರಬೇಕಾದ ಒಂದು ವೈಜ್ಞಾನಿಕ ಸಂಗತಿಯೂ ಉಂಟು. ಒದ್ದೆಯಾದ ಹಸಿ ಹೊಗೆಸೊಪ್ಪನ್ನು ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ರಕ್ತಕ್ಕೆ ಸೇರಿ ತಲೆಸುತ್ತು, ವಾಕರಿಕೆ, ಸುಸ್ತುಗಳನ್ನು ತರುತ್ತದೆ. ಮಳೆಯಲ್ಲಿ ನೆನೆದ ಅಥವಾ ಇಬ್ಬನಿ ಬಿದ್ದ ಸೊಪ್ಪಿನಲ್ಲಿ ಅಪಾಯ ಹೆಚ್ಚು; ಮೈ ಚಿಕ್ಕದಾದ ಮಕ್ಕಳಿಗೆ ಇನ್ನೂ ಹೆಚ್ಚು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚದಿರುವುದೇ ಸರಿ. ಆದರೆ ಬೆಳಗ್ಗೆ ಸೊಪ್ಪು ಮುಟ್ಟಿ ಬಂದ ಹುಡುಗನು ಸಂಜೆ ಓಡಲಾರದೆ ಕುಳಿತರೆ ಅವನನ್ನು ಸೋಮಾರಿಯೆಂದು ಮೈದಾನ ಸುತ್ತಿಸುವುದು ಅಜ್ಞಾನ. ವಿಚಾರಿಸಿ ನೋಡುವ ಶಿಕ್ಷಕನಿಂದ ಅಂತಹ ತಪ್ಪು ಆಗುವುದಿಲ್ಲ.

ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನಲ್ಲಿ ಇನ್ನೊಂದು ತೊಡಕು. ನಾಗರಹೊಳೆಯ ಅಂಚಿನ ಹಾಡಿಗಳಿಗೂ ಹಳ್ಳಿಗಳಿಗೂ ಕತ್ತಲಾಗುವ ಮೊದಲೇ ಮಕ್ಕಳು ಮನೆ ಸೇರಬೇಕು. ಆನೆ ಹಾದಿಗೆ ಇಳಿಯುವ ಹೊತ್ತಿನಲ್ಲಿ ಅಭ್ಯಾಸ ಮುಂದುವರಿಸಲು ಯಾರೂ ಒಪ್ಪಲಾರರು. ಆಶ್ರಮಶಾಲೆ, ವಸತಿಶಾಲೆಗಳಲ್ಲಿ ಮಕ್ಕಳು ಸಂಜೆಯೂ ಇರುವುದರಿಂದ ಅಲ್ಲಿ ಅನುಕೂಲ ಹೆಚ್ಚು. ಮಿಕ್ಕ ಕಡೆ ಅಭ್ಯಾಸವನ್ನು ಶಾಲೆಯ ವೇಳೆಯೊಳಗೇ ತರಬೇಕು. ವಾರಕ್ಕೊಮ್ಮೆ ಎರಡು ಗಂಟೆ ದಣಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಬಿಡದೆ ಆಡಿಸುವುದು ಮೇಲು. ಹಂಚಿ ಮಾಡಿದ ಅಭ್ಯಾಸ ಹೆಚ್ಚು ಕಾಲ ನಿಲ್ಲುತ್ತದೆಂಬುದು ಮನಶ್ಶಾಸ್ತ್ರದ ಹಳೆಯ ಹಾಗೂ ಗಟ್ಟಿಯಾದ ತೀರ್ಮಾನಗಳಲ್ಲಿ ಒಂದು.

ಇಷ್ಟು ತೊಡಕುಗಳ ನಡುವೆ ಹಳ್ಳಿಯ ಅಂಗಳದಿಂದ ದೊಡ್ಡ ಆಟಗಾರರು ಬರುವುದು ಸಾಧ್ಯವೆ? ಸಾಧ್ಯವೆಂಬುದಕ್ಕೆ ಇದೇ ಜಿಲ್ಲೆಯ ನಿದರ್ಶನವಿದೆ. 2025ರ ಜನವರಿ 13ರಿಂದ 19ರವರೆಗೆ ನವದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಭಾರತ ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದ ಬಿ. ಚೈತ್ರಾ ಅವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು. ಊರಿನ ಶಾಲೆಯ ಅಂಗಳದಲ್ಲಿಯೇ ಆಟ ಕಲಿತವರು. ಎರಡು ಕಂಬ, ಒಂದು ಮಣ್ಣಿನ ಅಂಗಳ, ವರ್ಷವರ್ಷವೂ ಬಿಡದೆ ಕಲಿಸುವ ಒಬ್ಬ ಶಿಕ್ಷಕ, ಇವಿಷ್ಟೇ ಆ ಆಟಕ್ಕೆ ಬೇಕಾದ ಬಂಡವಾಳ. ಇದರಲ್ಲಿ ಹಣಕ್ಕೆ ಸಿಗದಿರುವುದು ಕೊನೆಯದೊಂದೇ.

ಏನು ಮಾಡಬಹುದು?

ಇಲ್ಲಿ ಒಂದು ಆಕ್ಷೇಪಣೆ ಬರುವುದು ನ್ಯಾಯವೇ. ಗೆಲ್ಲದ ತಂಡಕ್ಕೆ ಯಾರು ಸಮವಸ್ತ್ರ ಕೊಡಿಸುತ್ತಾರೆ? ತಾಲ್ಲೂಕಿನಲ್ಲಿ ಮೊದಲ ಸುತ್ತಿಗೇ ಸೋತು ಬಂದರೆ ತಾಯಿತಂದೆಯರು ಮರುವರ್ಷ ಮಕ್ಕಳನ್ನು ಕಳುಹಿಸುತ್ತಾರೆಯೆ? ಗೆಲುವಿನ ರುಚಿಯೂ ಬೆಳೆಯುವ ಮಗುವಿಗೆ ಬೇಕಲ್ಲವೆ? ಬೇಕು. ಗೆಲ್ಲಲು ಆಡಬಾರದೆಂದು ನಾವು ಹೇಳುತ್ತಿಲ್ಲ. ಸೋಲು ಗೆಲುವಿನ ಅರಿವಿಲ್ಲದ ಆಟ ಆಟವೇ ಅಲ್ಲ. ನಮ್ಮ ಮಾತಿಷ್ಟೆ: ಹತ್ತನೆಯ ತರಗತಿಯ ಮೂವರನ್ನು ಹಿಡಿದುಕೊಂಡು ಒಂದು ವರ್ಷ ಗೆದ್ದು ಮುಂದಿನ ಎರಡು ವರ್ಷ ಸೋಲುವ ಶಾಲೆಗಿಂತ, ಎಲ್ಲರನ್ನೂ ಬೆಳೆಸುತ್ತ ಹೋದ ಶಾಲೆ ಕಡೆಗೆ ಹೆಚ್ಚು ಸಲ ಗೆಲ್ಲುವ ಸಂಭವವಿದೆ. ಗೆಲ್ಲದಿದ್ದರೂ ಅದು ಹೆಚ್ಚು ಆಟಗಾರರನ್ನು ಊರಿಗೆ ಕೊಡುತ್ತದೆ. ಶಾಲೆಯ ಆಟದ ಉದ್ದೇಶವೂ ಅದೇ ತಾನೆ?

ಎಲ್ಲ ಹೊರೆಯನ್ನೂ ಶಿಕ್ಷಕರ ಹೆಗಲಿಗೆ ಹೊರಿಸುವುದೂ ಸರಿಯಲ್ಲ. ಎಷ್ಟೋ ಶಾಲೆಗಳಲ್ಲಿ ‘ಪಿ.ಟಿ. ಮೇಷ್ಟ್ರು’ ಒಬ್ಬರೇ, ಕೆಲವು ಕಡೆ ಅವರೂ ಇಲ್ಲ. ಇದ್ದವರಿಗೂ ಮೆರವಣಿಗೆ, ಸಮಾರಂಭ, ಪಟ್ಟಿ ತಯಾರಿಕೆ ಮೊದಲಾದ ನೂರೆಂಟು ಕೆಲಸಗಳು. ಅವರ ಆಟದ ವೇಳೆಯನ್ನು ಬೇರೆ ಪಾಠಗಳಿಗೆ ಕಿತ್ತುಕೊಳ್ಳದಿರುವುದು ಮುಖ್ಯೋಪಾಧ್ಯಾಯರು ಮಾಡಬಹುದಾದ ದೊಡ್ಡ ಉಪಕಾರ. ಹಳೆಯ ವಿದ್ಯಾರ್ಥಿಗಳಲ್ಲಿ ಆಡಬಲ್ಲವರು ವಾರಕ್ಕೆರಡು ದಿನ ಬಂದು ಕಿರಿಯರೊಡನೆ ಆಡಿದರೆ ಶಿಕ್ಷಕರ ಕೆಲಸ ಅರ್ಧ ಹಗುರವಾಗುತ್ತದೆ. ಕಾಲೇಜು ವಿದ್ಯಾರ್ಥಿಗಳಾದ ನಮ್ಮ ವಾಚಕರಿಗೆ ಇದು ಕಷ್ಟವಾಗಲಾರದು.

ಪ್ರೌಢಶಾಲೆಯ ವಾಚಕರಿಗೆ ಇನ್ನೊಂದು ಕೆಲಸವನ್ನು ಸೂಚಿಸುತ್ತೇವೆ. ಒಂದು ನೋಟುಪುಸ್ತಕದಲ್ಲಿ, ಈ ವರ್ಷ ಎಂಟನೆಯ ತರಗತಿಯಿಂದ ಆಟಕ್ಕೆ ಬಂದವರ ಹೆಸರುಗಳನ್ನು ಬರೆದಿಡಿ. ಪಕ್ಕದಲ್ಲಿ ಹುಟ್ಟಿದ ತಿಂಗಳು, ಎತ್ತರ, ಪಂದ್ಯಗಳಲ್ಲಿ ಎಷ್ಟು ನಿಮಿಷ ಆಡಿದರೆಂಬುದು ಇರಲಿ. ಆರು ತಿಂಗಳಿಗೊಮ್ಮೆ ಎತ್ತರವನ್ನು ಮತ್ತೆ ಅಳೆಯಿರಿ. ಯಾರು ಬಿಟ್ಟುಹೋದರು, ಏಕೆ ಬಿಟ್ಟರು ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ. ನೀವು ಶಾಲೆ ಬಿಡುವಾಗ ಪುಸ್ತಕವನ್ನು ಕಿರಿಯರ ಕೈಗೆ ಕೊಡಿ. ಕೆನಡಾದಲ್ಲಿಯೂ ಅಮೆರಿಕದಲ್ಲಿಯೂ ವಿಜ್ಞಾನಿಗಳು ಮಾಡಿದ್ದು ಮೂಲತಃ ಇದನ್ನೇ, ಎಣಿಸಿದರು, ಹೋಲಿಸಿದರು. ಹುಣಸೂರಿನ ಒಂದು ಶಾಲೆ, ಪಿರಿಯಾಪಟ್ಟಣದ ಒಂದು ಶಾಲೆ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಒಂದೊಂದು ಶಾಲೆ ಮೂರು ವರ್ಷ ಇಂತಹ ಲೆಕ್ಕವನ್ನು ಇಟ್ಟರೆ ನಮ್ಮ ಮಕ್ಕಳ ವಿಷಯದಲ್ಲಿ ಪರದೇಶದ ಅಂಕಿಗಳನ್ನು ಎರವಲು ತರುವ ಅಗತ್ಯ ತಪ್ಪುತ್ತದೆ.

ತಾಲ್ಲೂಕು ಕ್ರೀಡಾಕೂಟದ ಬಟ್ಟಲು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿ ಇರುತ್ತದೆ. ಅದನ್ನು ಗೆದ್ದ ವರ್ಷವೂ ಅದರ ಮೇಲೆ ಕೆತ್ತಿರುತ್ತದೆ. ಆ ಬೀರುವಿನಲ್ಲಿ ಮೇಲೆ ಹೇಳಿದ ನೋಟುಪುಸ್ತಕಕ್ಕೂ ಒಂದಿಷ್ಟು ಸ್ಥಳ ದೊರೆಯಲಿ. ಶಾಲೆಯ ತರಬೇತಿ ಎಂತಹುದೆಂದು ತಿಳಿಯಬಯಸುವವರು ಎರಡನ್ನೂ ನೋಡಿ ತೀರ್ಮಾನಿಸಲಿ.